ಅನುವಾದ, ಅಪ್ಪಣೆ, ಬಸ್ಸಿನ ವೇಳಾಪಟ್ಟಿ: ಇಂಗ್ಲಿಷ್ ಕಲಿಸಲು ನಾನು ಹಿಡಿದ ಮೂರು ದಾರಿ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೆಚ್ಚಿನ ಮಕ್ಕಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬಾಯಿಬಿಡುವ ವಾರದಲ್ಲಿ ಹಾಜರಾತಿ ಇಳಿಯುತ್ತದೆ. ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು.

ಆರಂಭದಲ್ಲಿ ಹಿಡಿದದ್ದು ನಾನೇ ಕಲಿತ ದಾರಿ: ಪಾಠ ಓದುವುದು, ಸಾಲು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರ ಬರೆಸುವುದು. ಪರೀಕ್ಷೆಯ ಮಟ್ಟಿಗೆ ಇದು ಕೈಬಿಡುವುದಿಲ್ಲ. ಆದರೆ ವರ್ಷವಿಡೀ ಇಂಗ್ಲಿಷ್ ಆಡಿದವಳು ನಾನೊಬ್ಬಳೇ. ತೆಲುಗಿನ ಮಕ್ಕಳಿಗಂತೂ ನಾನು ಹೇಳುವ ಕನ್ನಡದ ಅರ್ಥವೇ ಇನ್ನೊಂದು ಪಾಠ.

ಎರಡನೆಯದು, ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ವಿಧಾನ. ಶಿಕ್ಷಕರು ಅಪ್ಪಣೆ ಕೊಡುತ್ತಾರೆ, ಮಕ್ಕಳು ಮೈಯಿಂದ ಉತ್ತರಿಸುತ್ತಾರೆ. ‘ಪುಟ್ ದ ಬಾಕ್ಸ್ ಅಂಡರ್ ದ ಬೆಂಚ್’ ಎಂದೊಡನೆ, ಅದುವರೆಗೆ ಬಾಯಿಯನ್ನೇ ತೆರೆಯದ ಹುಡುಗನೊಬ್ಬ ತಟ್ಟನೆ ಎದ್ದು ಹೋಗಿ ಇಟ್ಟುಬಂದ. ಅವನಿಗೆ ಅರ್ಥವಾಗುತ್ತಿತ್ತು ಎಂಬುದು ನನಗೆ ಗೊತ್ತಾದದ್ದೇ ಅಂದು. ಪ್ರಾಥಮಿಕ ತರಗತಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎಂಟನೇ ತರಗತಿಯಲ್ಲಿ ಮೂರನೇ ವಾರಕ್ಕೆ ಸಪ್ಪೆಯಾಯಿತು: ‘ಬಿಕಾಸ್’, ‘ಇಫ್’ಗಳನ್ನು ಎದ್ದು ಕೂತು ತೋರಿಸುವುದು ಹೇಗೆ?

ಮೂರನೆಯದು ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತದ್ದು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಜಗತ್ತು ಬೆಂಗಳೂರು ಪ್ರಾಜೆಕ್ಟ್ ಎಂದು ಕರೆಯುತ್ತದೆ. ವ್ಯಾಕರಣ ಪಾಠವಿಲ್ಲ, ನಕ್ಷೆ, ವೇಳಾಪಟ್ಟಿ ಕೊಟ್ಟು ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ನಾಲ್ಕು ಬಸ್ಸುಗಳ ಪಟ್ಟಿಯೊಂದನ್ನು ಕಲ್ಪಿಸಿ ಬೋರ್ಡಿನ ಮೇಲೆ ಬರೆದೆ. ಅಜ್ಜ ಹತ್ತು ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು, ಯಾವ ಬಸ್ಸು? ಮೊದಲ ದಿನ ಗುಂಪು ಮಾಡಿ ಕೂರಿಸಿದ್ದು ನನ್ನ ತಪ್ಪು; ತೆಲುಗಿನಲ್ಲೇ ಲೆಕ್ಕ ಮುಗಿಸಿಬಿಟ್ಟರು. ಪ್ರಭು ಗುಂಪುಗಳನ್ನು ದೂರವಿಟ್ಟದ್ದೇಕೆಂದು ಆಗ ತಿಳಿಯಿತು. ಮರುದಿನ ಅವರ ಕ್ರಮದಂತೆ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಬಿಡಿಸಿ, ಅಂಥದ್ದೇ ಇನ್ನೊಂದನ್ನು ಒಬ್ಬೊಬ್ಬರಿಗೂ ಕೊಟ್ಟೆ. ‘ನೈನ್ ಟ್ವೆಂಟಿ ಬಸ್ ನೋ. ರೀಚ್ ಟೆನ್ ಫೈವ್’ ಎಂದಳು ಒಬ್ಬ ಹುಡುಗಿ. ‘ಯೆಸ್, ಇಟ್ ರೀಚಸ್ ಅಟ್ ಟೆನ್ ಫೈವ್’ ಎಂದಷ್ಟೇ ಹೇಳಿ ಮುಂದುವರಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು: ‘ಮಿಸ್, ವಾಕಿಂಗ್ ಟೈಮ್?’ ಬಸ್ ನಿಲ್ದಾಣದಿಂದ ಅಜ್ಜ ನಡೆಯಬೇಕಲ್ಲ! ಅದು ನನಗೇ ಹೊಳೆದಿರಲಿಲ್ಲ.

ಅಂದಿನಿಂದ ನನ್ನ ಒಲವು ಈ ಮೂರನೆಯದರ ಕಡೆಗೆ. ತಯಾರಿಗೆ ಸಂಜೆಗಳು ಹೋಗುತ್ತವೆ, ನಿಜ. ಕೆಲವು ತಪ್ಪುಗಳೂ ತಾವಾಗಿ ಅಳಿಯುವುದಿಲ್ಲ. ‘ಟು ಮಿ ಟು ಸಿಸ್ಟರ್ಸ್ ಆರ್’ ಎಂದು ತಿಂಗಳುಗಟ್ಟಲೆ ಬರೆದರು. ಕೊನೆಗೆ ಪ್ರಭು ಒಪ್ಪದ ಕೆಲಸವನ್ನೇ ಮಾಡಿದೆ: ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’, ‘ನಾಕು ಇದ್ದರು ಅಕ್ಕಲು ಉನ್ನಾರು’, ‘ಐ ಹ್ಯಾವ್ ಟು ಸಿಸ್ಟರ್ಸ್’ ಎಂದು ಒಂದರ ಕೆಳಗೊಂದು ಬರೆದೆ. ಕನ್ನಡ, ತೆಲುಗು ಒಂದೇ ಹೆಜ್ಜೆ ಹಾಕುತ್ತವೆ, ಇಂಗ್ಲಿಷ್ ಮಾತ್ರ ಬೇರೆ ಎಂದು ಮಕ್ಕಳೇ ಕಂಡುಕೊಂಡರು. ಐದು ನಿಮಿಷ ಸಾಕಾಯಿತು. ಅನುವಾದವನ್ನು ಈಗ ಇಂಥ ಗಂಟು ಬಿಡಿಸಲು ಮಾತ್ರ ಇಟ್ಟುಕೊಂಡಿದ್ದೇನೆ. ಮುಂದಿನ ವಾರಕ್ಕೆ ರೇಷ್ಮೆಗೂಡಿನ ಮಾರುಕಟ್ಟೆಯ ದರಪಟ್ಟಿ ಬರೆಯುತ್ತಿದ್ದೇನೆ: ಗೂಡಿನ ಮೂರು ಲಾಟು (ಮಾರಾಟದ ರಾಶಿ), ಮೂರು ದರ, ಯಾವುದನ್ನು ಕೊಳ್ಳುವುದು, ಏಕೆ.