ಎಂಜಿಬಿ ಎಂಜಿನ್‌ಗೆ ಹೆಚ್ಚು ಅಶ್ವಶಕ್ತಿ: ಎರಡು ಸಲ ದುಡ್ಡು ಸುರಿದವನ ಹೋಲಿಕೆ

ನನ್ನದು 1969ರ ಎಂಜಿಬಿ ರೋಡ್‌ಸ್ಟರ್, ಇಂಗ್ಲೆಂಡಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು. ಕಳೆದ ಆರು ವರ್ಷಗಳಲ್ಲಿ ಈ ಒಂದೇ ಕಾರಿಗೆ ಎರಡು ಎಂಜಿನ್ ಕಟ್ಟಿಸಿದ್ದೇನೆ. ಮೂರನೆಯ ಬಗೆಯೊಂದನ್ನು ಸ್ನೇಹಿತರ ಕಾರಿನಲ್ಲಿ ಸುಮಾರು ಒಂದು ತಿಂಗಳು ಓಡಿಸಿದ್ದೇನೆ. ಯಾವುದು ಗೆದ್ದಿತು ಎಂಬುದನ್ನು ಕೊನೆಯವರೆಗೆ ಮುಚ್ಚಿಡುವ ಇರಾದೆ ನನಗಿಲ್ಲ. ಕಾರಿನ ಸ್ವಂತ ಬ್ಲಾಕನ್ನು 1868 ಸಿಸಿಗೆ ಬೋರ್ ಮಾಡಿಸಿ (ಸಿಲಿಂಡರ್‌ಗಳನ್ನು ಅಗಲಿಸಿ), ವಾಲ್ವ್‌ಗಳಿರುವ ಹೆಡ್‌ನ ಕೆಲಸಕ್ಕೆ ಧಾರಾಳವಾಗಿ ಖರ್ಚು ಮಾಡಿ, ಮಿಕ್ಕದ್ದನ್ನು ಆದಷ್ಟೂ ಇದ್ದಂತೆಯೇ ಬಿಟ್ಟ ಎಂಜಿನ್ನೇ ಈಗ ಬಾನೆಟ್ಟಿನ ಕೆಳಗಿದೆ ಮತ್ತು ಅಲ್ಲಿಯೇ ಇರುತ್ತದೆ. ಅದಕ್ಕೆ ತಗುಲಿದ್ದು 3.36 ಲಕ್ಷ ರೂಪಾಯಿ. ಅದಕ್ಕೂ ಮೊದಲು ಹಿಡಿದ ಹಾದಿಯಲ್ಲಿ ನಾನು ಕಳೆದದ್ದು 9 ಲಕ್ಷಕ್ಕೂ ಮಿಕ್ಕಿ.

ಈ ಕಾರಿನ ಮೂಲ ಎಂಜಿನ್ 1798 ಸಿಸಿಯ ಬಿ-ಸೀರೀಸ್. ತಯಾರಕರ ಲೆಕ್ಕದಲ್ಲಿ ಸುಮಾರು 95 ಅಶ್ವಶಕ್ತಿ. ನಮ್ಮ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ದುಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಎರಡರಲ್ಲೂ 88.9 ಮಿ.ಮೀ., ಸಿಲಿಂಡರ್‌ನ ಅಗಲ, ಅಂದರೆ ಬೋರ್, ಮಾತ್ರ ಬೇರೆ. ಆದ್ದರಿಂದಲೇ ಬೆಂಗಳೂರಿನಲ್ಲಿ ಈ ಎಂಜಿನ್ನನ್ನು ಕಂಡು ಹೆದರದ ಹಳೆಯ ಕೈಗಳು ಇನ್ನೂ ಇವೆ. ಶಿವಾಜಿನಗರದ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲ ಸಲ ರಾಕರ್ ಕವರ್ ತೆಗೆದು ನೋಡಿ, ‘ಇದು ನಮ್ಮ ಅಂಬಾಸಿಡರ್‌ನ ಅಣ್ಣ ಅಲ್ವಾ ಸಾರ್’ ಎಂದದ್ದು ನೆನಪಿದೆ. ಬಿಡಿಭಾಗಗಳ ಚಿಂತೆಯೂ ಅಷ್ಟಿಲ್ಲ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿರುವುದರಿಂದ ಇಂಗ್ಲೆಂಡಿನಲ್ಲಿ ಇಂದಿಗೂ ಬಹುತೇಕ ಎಲ್ಲವೂ ಹೊಸದಾಗಿಯೇ ಸಿಗುತ್ತದೆ. ಕೊರಿಯರ್, ಸುಂಕ, ಜಿಎಸ್‌ಟಿ ಸೇರಿ ವಸ್ತು ಕೈಗೆ ಬರುವ ಹೊತ್ತಿಗೆ ಕ್ಯಾಟಲಾಗಿನ ಬೆಲೆ ಒಂದೂವರೆ ಪಟ್ಟಾಗಿರುತ್ತದೆ ಎಂಬುದೊಂದೇ ನೋವು.

ಮೊದಲ ಹಾದಿ ದೊಡ್ಡ ಆಸೆಯದು. ಕಾರಿನ ಜತೆಗೆ ಬಂದಿದ್ದ ಬಿಡಿ ಬ್ಲಾಕೊಂದನ್ನು 83.5 ಮಿ.ಮೀ.ಗೆ ಬೋರ್ ಮಾಡಿಸಿದರೆ ಸುಮಾರು 1950 ಸಿಸಿ ಸಿಗುತ್ತದೆ. ಅದಕ್ಕೆ ಫೋರ್ಜ್ಡ್ ಪಿಸ್ಟನ್, ಉಕ್ಕಿನ ಕನೆಕ್ಟಿಂಗ್ ರಾಡ್, ದೊಡ್ಡ ವಾಲ್ವ್‌ಗಳ ಹೆಡ್, 3,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದ ಮೇಲಷ್ಟೇ ಎಚ್ಚರಗೊಳ್ಳುವ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ), ವೆಬರ್ 45 ಕಾರ್ಬ್ಯುರೇಟರ್, ಕೊಳವೆಗಳನ್ನು ಬೆಸೆದು ಮಾಡಿದ ಎಕ್ಸಾಸ್ಟ್ ಹೆಡರ್, ಎಲ್ಲವನ್ನೂ ಹಾಕಿಸಿದೆ. ಬಿಲ್ಲು 7.8 ಲಕ್ಷ. ಅಷ್ಟು ಹಣವನ್ನು ನಾನು ಒಮ್ಮೆಲೇ ಕೊಡಲಿಲ್ಲ, ಕೊಡುವ ಶಕ್ತಿಯೂ ಇರಲಿಲ್ಲ. ಹದಿನಾಲ್ಕು ತಿಂಗಳು ಕಂತು ಕಂತಾಗಿ ಕೊಟ್ಟೆ. ಹಾಗೆ ಕೊಡುವಾಗ ಒಟ್ಟು ಎಷ್ಟಾಯಿತೆಂದು ಲೆಕ್ಕ ಹಾಕುವ ಧೈರ್ಯ ಬರುವುದಿಲ್ಲ.

ಆ ಎಂಜಿನ್ ಕೆಟ್ಟದ್ದು ಅದರ ಮೊದಲ ಅರ್ಧ ಗಂಟೆಯಲ್ಲಿಯೇ. ನನಗೆ ಅದು ತಿಳಿದದ್ದು ಮಾತ್ರ 600 ಕಿ.ಮೀ. ಓಡಿದ ಮೇಲೆ.

ಎಂಜಿನ್ ಕೂರಿಸಿದ ದಿನ ಗ್ಯಾರೇಜಿನವರು ಶ್ರದ್ಧೆಯಿಂದ ಪೂಜೆ ಮಾಡಿದರು. ನಿಂಬೆಹಣ್ಣು, ಕುಂಕುಮ, ಊದುಬತ್ತಿ, ತೆಂಗಿನಕಾಯಿ, ಯಾವುದಕ್ಕೂ ಕೊರತೆಯಿರಲಿಲ್ಲ. ಸ್ಟಾರ್ಟ್ ಮಾಡಿದಾಗ ಹುಡುಗರೆಲ್ಲ ಫೋನ್ ಹಿಡಿದು ಸುತ್ತ ನಿಂತರು. ಮೇಸ್ತ್ರಿಯವರು, ‘ಹೊಸ ಎಂಜಿನ್ ಸಾರ್, ರೇಸ್ ಮಾಡಬಾರದು, ಅರ್ಧ ಗಂಟೆ ಐಡ್ಲಿಂಗ್‌ನಲ್ಲೇ ಬಿಡೋಣ, ನಿಧಾನಕ್ಕೆ ಸೆಟ್ ಆಗಲಿ’ ಎಂದರು. ನನಗೂ ಅದು ನ್ಯಾಯವಾಗಿಯೇ ಕಂಡಿತು. ಹೊಸದಾಗಿ ಬಂದ ಯಾರನ್ನಾದರೂ ಮೊದಲ ದಿನವೇ ಓಡಿಸುವುದುಂಟೇ?

ಈ ಜಾತಿಯ ಎಂಜಿನ್‌ನಲ್ಲಿ ಅದೇ ತಪ್ಪು. ಬಿ-ಸೀರೀಸ್‌ನ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗಿದೆ, ಅದರ ಉಬ್ಬುಗಳು, ವಾಲ್ವ್‌ಗಳತ್ತ ತಳ್ಳುವ ಚಪ್ಪಟೆ ತಳದ ಟ್ಯಾಪೆಟ್‌ಗಳನ್ನು ನೇರವಾಗಿ ಉಜ್ಜಿಕೊಂಡೇ ತಿರುಗುತ್ತವೆ. ಆ ಜಾಗಕ್ಕೆ ಆಯಿಲ್ ಒತ್ತಡದಿಂದ ಬರುವುದಿಲ್ಲ. ತಿರುಗುವ ಕ್ರ್ಯಾಂಕ್ ಎರಚಿದ್ದಷ್ಟೇ ಅದಕ್ಕೆ ಸಿಗುವ ಜಿಡ್ಡು. ಐಡ್ಲಿಂಗ್‌ನಲ್ಲಿ ಎರಚಾಟ ಕಡಿಮೆ, ಹೊಸ ವಾಲ್ವ್ ಸ್ಪ್ರಿಂಗುಗಳ ಬಿಗಿ ಹೆಚ್ಚು, ಉಬ್ಬು ಮತ್ತು ಟ್ಯಾಪೆಟ್ ಇನ್ನೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಹೀಗಾಗಿ ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಸ್ಟಾರ್ಟ್ ಆದ ಕ್ಷಣದಿಂದಲೇ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಹಿಡಿದಿಡಬೇಕು, ಐಡ್ಲಿಂಗ್‌ಗೆ ಇಳಿಯಲು ಬಿಡಲೇಬಾರದು. ಡಬಲ್ ಸ್ಪ್ರಿಂಗ್ ಇದ್ದರೆ ಆ ಇಪ್ಪತ್ತು ನಿಮಿಷಕ್ಕೆ ಒಳಗಿನ ಸ್ಪ್ರಿಂಗನ್ನು ತೆಗೆದಿಡುವವರೂ ಇದ್ದಾರೆ. ಈ ಸೂಚನೆ ಕ್ಯಾಮ್‌ನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿಯೇ ಇತ್ತು. ಚೀಟಿ ಪೆಟ್ಟಿಗೆಯ ಸಮೇತ ನಮ್ಮ ಮನೆಯ ಅಟ್ಟದಲ್ಲಿತ್ತು.

ಅದರ ಮೇಲೆ ಆಯಿಲ್. ‘ಇಷ್ಟು ದುಡ್ಡಿನ ಎಂಜಿನ್‌ಗೆ ಒಳ್ಳೆಯದೇ ಹಾಕೋಣ’ ಎಂದು ಗ್ಯಾರೇಜಿನವರು ಅಂಗಡಿಯ ಅತಿ ದುಬಾರಿ 5ಡಬ್ಲ್ಯು-30 ಸಿಂಥೆಟಿಕ್ ತಂದು ಸುರಿದಿದ್ದರು. ಹೊಸ ಕಾರಿಗೆ ಅದು ಅಮೃತ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಇಂದಿನ ಆ ತೆಳು ಆಯಿಲ್‌ಗಳಲ್ಲಿ ಸತು-ರಂಜಕದ ಸಂಯುಕ್ತವನ್ನು ಕಡಿಮೆ ಮಾಡಿರುತ್ತಾರೆ. ಚಪ್ಪಟೆ ಟ್ಯಾಪೆಟ್ಟಿಗೂ ಕ್ಯಾಮ್‌ಗೂ ನಡುವೆ ನಿಂತು ಕಾಯುವುದು ಅದೇ ಸಂಯುಕ್ತ. ಲಾರಿ, ಟ್ರ್ಯಾಕ್ಟರುಗಳಿಗೆ ಬಳಸುವ ಸಿಐ-4 ದರ್ಜೆಯ ಡೀಸೆಲ್ ಆಯಿಲ್ ಹಾಕಿದ್ದರೂ ನನ್ನ ಕ್ಯಾಮ್ ಬದುಕುವ ಸಾಧ್ಯತೆ ಹೆಚ್ಚಿತ್ತು, ಅದೂ ಅರ್ಧ ಬೆಲೆಗೆ.

ಲಕ್ಷಣಗಳು ನಿಧಾನವಾಗಿ ಕಂಡವು. ಮೊದಲು ಮೂರನೆಯ ಸಿಲಿಂಡರ್‌ನ ಎಕ್ಸಾಸ್ಟ್ ಟ್ಯಾಪೆಟ್ ಸದ್ದು ಮಾಡಿತು. ಸಂದನ್ನು 15 ಥೌಗೆ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಸರಿಮಾಡಿದೆವು, ವಾರದಲ್ಲಿ ಮತ್ತೆ ಸದ್ದು. ಮತ್ತೆ ಸರಿಮಾಡಿದೆವು, ಕನಕಪುರ ರಸ್ತೆಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಮತ್ತೆ ಸಡಿಲ. ಟ್ಯಾಪೆಟ್ ಸಂದು ತಾನಾಗಿಯೇ ಹಿಗ್ಗುತ್ತಿದೆಯೆಂದರೆ ಎಲ್ಲಿಯೋ ಲೋಹ ಸವೆಯುತ್ತಿದೆಯೆಂದೇ ಅರ್ಥ ಎಂದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ನನ್ನ ಮುಖ ನೋಡಿ ಹೇಳಲಿಲ್ಲ. ಕಡೆಗೆ ಕಾರ್ಬ್ಯುರೇಟರ್‌ನಲ್ಲಿ ಪಟಪಟ ಸಿಡಿತ ಶುರುವಾದಾಗ ಆಯಿಲ್ ಇಳಿಸಿ ನೋಡಿದರೆ, ಮಿಠಾಯಿಯ ಮೇಲಿನ ಬೆಳ್ಳಿ ರೇಕು ಕದಡಿದಂತೆ ಹೊಳೆಯುತ್ತಿತ್ತು. ಕ್ಯಾಮ್‌ನ ಒಂದು ಉಬ್ಬು ಹೆಚ್ಚುಕಡಿಮೆ ದುಂಡಗಾಗಿತ್ತು. ಪುಡಿ ಬೇರಿಂಗುಗಳೊಳಗೆ ಹೊಕ್ಕಿತ್ತು.

ಗ್ಯಾರೇಜಿನವರು ಕ್ಯಾಮ್ ಡೂಪ್ಲಿಕೇಟ್ ಎಂದರು. ಮಾರಿದವರು ಯಾವ ಆಯಿಲ್ ಹಾಕಿದಿರಿ, ಮೊದಲ ಇಪ್ಪತ್ತು ನಿಮಿಷ ಎಷ್ಟು ಆರ್‌ಪಿಎಂನಲ್ಲಿ ಓಡಿಸಿದಿರಿ ಎಂದು ವಿನಯದಿಂದಲೇ ಕೇಳಿದರು. ನನ್ನ ಫೋನಿನಲ್ಲಿಯೇ ಅರ್ಧ ಗಂಟೆಯ ಐಡ್ಲಿಂಗ್‌ನ ವಿಡಿಯೊ ಇತ್ತು, ಊದುಬತ್ತಿಯ ಹೊಗೆಯ ಸಮೇತ. ಎಂಜಿನ್ ಇಳಿಸಿ, ಹೊಸ ಕ್ಯಾಮ್, ಟ್ಯಾಪೆಟ್, ಬೇರಿಂಗ್, ಗ್ಯಾಸ್ಕೆಟ್ ಹಾಕಿ, ಕ್ರ್ಯಾಂಕ್ ಮತ್ತೆ ಗ್ರೈಂಡ್ ಮಾಡಿಸಿ ಕೂರಿಸಲು 1.35 ಲಕ್ಷ. ಅಲ್ಲಿಗೆ ಒಟ್ಟು 9.15 ಲಕ್ಷ.

ಎರಡನೆಯ ಸಲ ಆ ಎಂಜಿನ್ ಸರಿಯಾಗಿಯೇ ಓಡಿತು, ಅದನ್ನು ಒಪ್ಪಬೇಕು. ಚಕ್ರಕ್ಕೆ ತಲುಪುವ ಶಕ್ತಿಯನ್ನು ಅಳೆಯುವ ಡೈನೋ ಯಂತ್ರದ ಮೇಲೆ ಹಳೆಯ ಎಂಜಿನ್ ಚಕ್ರದಲ್ಲಿ 64 ಅಶ್ವಶಕ್ತಿ ತೋರಿಸಿತ್ತು, ಇದು 95 ತೋರಿಸಿತು. ಇಂಗ್ಲೆಂಡಿನವರು ಹೇಳುವ ಅಂಕಿಗಳಿಗಿಂತ ಇದು ಕಡಿಮೆಯೆನಿಸಿದರೆ ಗಾಬರಿ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ, ತಾನೇ ಉಸಿರೆಳೆದುಕೊಳ್ಳುವ ಎಂಜಿನ್ ಅಷ್ಟನ್ನು ಊರಿಗೆ ಕಾಲಿಟ್ಟಾಗಲೇ ಕಳೆದುಕೊಳ್ಳುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹತ್ತಿದರೆ ಇನ್ನಷ್ಟು. ಮುಂಜಾನೆ ಐದು ಗಂಟೆಗೆ ಖಾಲಿಯಿರುವ ವಿಮಾನ ನಿಲ್ದಾಣದ ರಸ್ತೆಯಲ್ಲಿ ಆ 1950 ಸಿಸಿ ಎಂಜಿನ್ನಿನ ಸುಖವೇ ಸುಖ. ಆದರೆ ನಾನು ವಾರಕ್ಕೆ ಎರಡು ದಿನ ಕೆಲಸಕ್ಕೂ ಇದೇ ಕಾರಿನಲ್ಲಿ ಹೋಗುವವನು. ಸಿಲ್ಕ್ ಬೋರ್ಡ್‌ನಲ್ಲಿ ಆ ಎಂಜಿನ್ 1,200 ಆರ್‌ಪಿಎಂಗಿಂತ ಕೆಳಗೆ ನಿಲ್ಲಲು ಒಪ್ಪದೆ, ಕ್ಲಚ್ ಬಿಟ್ಟರೆ ಜಗ್ಗುತ್ತ, ಬಿಸಿಯ ಮುಳ್ಳನ್ನು ಮೇಲೇರಿಸುತ್ತ, ಪಕ್ಕದ ಆಟೋದವರಿಂದ ‘ಏನ್ ಸಾರ್, ಪ್ಲಗ್ ಹೋಗಿದೆಯಾ’ ಎನಿಸಿಕೊಳ್ಳುತ್ತಿತ್ತು.

ಎರಡನೆಯ ಹಾದಿ ಸೂಪರ್‌ಚಾರ್ಜರ್, ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಸ್ನೇಹಿತರ ಎಂಜಿಬಿ ಜಿಟಿಯಲ್ಲಿ ಈಟನ್ ಎಂ45 ಕೂರಿಸಿದ್ದಾರೆ. ಕಿಟ್, ಸುಂಕ, ಫಿಟ್ಟಿಂಗ್ ಸೇರಿ ಅವರಿಗೆ 5.2 ಲಕ್ಷ, ಚಕ್ರದಲ್ಲಿ 99. ಎತ್ತರದಿಂದ ನಮ್ಮ ಊರು ಕದ್ದ ಗಾಳಿಯನ್ನು ಅದು ಬೆಲ್ಟಿನಿಂದ ತಿರುಗಿ ಮರಳಿ ತುಂಬುವುದರಿಂದ ಕೆಳಗಿನ ಆರ್‌ಪಿಎಂನಲ್ಲಿಯೇ ಎಳೆತ ಬಲವಾಗಿದೆ. ರೂಪಾಯಿಗೆ ಎಷ್ಟು ಅಶ್ವಶಕ್ತಿ ಎಂದಷ್ಟೇ ನೋಡಿದರೆ ಇದೇ ಮೇಲು. ಆದರೆ ಕೆಳಗಿನ ಎಂಜಿನ್ ಮೊದಲೇ ಗಟ್ಟಿಯಾಗಿರಬೇಕು. ಅವರ ಹಳೆಯ ಹೆಡ್ ಗ್ಯಾಸ್ಕೆಟ್ ಮೂರನೆಯ ವಾರಕ್ಕೇ ಊದಿಹೋಯಿತು, ಎಂಜಿನ್ ಕೆಲಸದ ಖರ್ಚು ಹೇಗೂ ತಪ್ಪಲಿಲ್ಲ. ನಾನು ಓಡಿಸಿದ ತಿಂಗಳಲ್ಲಿ ಕಾಡಿದ್ದು ಬಿಸಿ. ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ತೆವಳಿ, ಆಫ್ ಮಾಡಿ, ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಿದರೆ ಹಿಡಿಯುವುದಿಲ್ಲ. 78 ಡಿಗ್ರಿಗೇ ಕುದಿಯುವ ಎಥನಾಲ್ ಬೆರೆತ ಪೆಟ್ರೋಲ್ ಕಾದ ಕಾರ್ಬ್ಯುರೇಟರ್‌ನಲ್ಲಿ ಆವಿಯಾಗಿರುತ್ತದೆ. ರಿಚ್ಮಂಡ್ ಸರ್ಕಲ್ ಬಳಿ ಬಾನೆಟ್ ಎತ್ತಿ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತ ಎರಡು ಸಂಜೆಗಳು ನನ್ನ ಅಭಿಪ್ರಾಯವನ್ನು ಬಹಳ ಮಟ್ಟಿಗೆ ತೀರ್ಮಾನಿಸಿದವು.

ಅಂಬಾಸಿಡರ್‌ನ 1817 ಸಿಸಿ ಇಸುಜು ಎಂಜಿನ್ನನ್ನು ಐದು ಗೇರಿನ ಬಾಕ್ಸ್ ಸಮೇತ ಕೂರಿಸಿ ಎಂಬ ಸಲಹೆ ಜೆ.ಸಿ. ರಸ್ತೆಯಲ್ಲಿ ಉಚಿತವಾಗಿ ಸಿಗುತ್ತದೆ. ಅದು ನಂಬಿಕೆಯ ಎಂಜಿನ್, ಅಗ್ಗ, ಆದರೆ 75 ಅಶ್ವಶಕ್ತಿಯದು. ಶಕ್ತಿ ಹೆಚ್ಚಿಸಲು ಹೊರಟವನು ಇಪ್ಪತ್ತು ಕಳೆದುಕೊಳ್ಳುವುದೇಕೆ?

ಇನ್ನು ಕಾಗದಪತ್ರದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮವೂ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ಗಾಡಿಗಳನ್ನೇ ಒಪ್ಪುತ್ತದೆ. ನನ್ನ 1950 ಇದ್ದದ್ದು ಬೇರೆ ಬ್ಲಾಕಿನಲ್ಲಿ. ಎಂಜಿಬಿಯ ಎಂಜಿನ್ ನಂಬರ್ ಬ್ಲಾಕಿನ ಬದಿಗೆ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲಿರುತ್ತದೆ. ‘ತಗಡು ಬಿಚ್ಚಿ ಇದಕ್ಕೆ ಹೊಡೆದರಾಯಿತು ಸಾರ್’ ಎಂದವರಿದ್ದರು. ನಾನು ಒಪ್ಪಲಿಲ್ಲ. ಹಾಗೆಂದು ನಂಬರ್ ಹೊಂದದ ಎಂಜಿನ್ನಿನಲ್ಲಿ ಎರಡು ವರ್ಷ ಓಡಾಡಿದ್ದೂ ನಾನೇ; ಒಂದು ಅಪಘಾತವಾಗಿದ್ದರೆ ವಿಮೆಯವರ ಮುಂದೆ ನಿಲ್ಲಲು ನನಗೆ ಕಾಲಿರುತ್ತಿರಲಿಲ್ಲ. ಕಡೆಗೆ ಅದನ್ನು ಇಳಿಸಿ, ಗೋಣಿಚೀಲದಡಿ ಮಲಗಿದ್ದ ಸ್ವಂತ ಬ್ಲಾಕನ್ನು ಪೀಣ್ಯಕ್ಕೆ ಒಯ್ದದ್ದಕ್ಕೆ ಅರ್ಧ ಕಾರಣ ಈ ಭಯ.

ಪೀಣ್ಯದ ಶಾಪ್‌ನಲ್ಲಿ 60 ಥೌ ಬೋರಿಂಗ್ ಮತ್ತು ಹಾನಿಂಗ್‌ಗೆ 9,000, ಕ್ರ್ಯಾಂಕ್ ಗ್ರೈಂಡಿಂಗ್‌ಗೆ 6,500 ರೂಪಾಯಿ. ಇಲ್ಲಿನ ಕೈಕೆಲಸ ಅಗ್ಗ, ಹಣವೆಲ್ಲ ಹೋಗುವುದು ಹೊರಗಿನಿಂದ ಬರುವ ಭಾಗಗಳಿಗೆ. ಹೆಡ್ ಒಂದಕ್ಕೇ 85,000 ಕೊಟ್ಟೆ. ಈ ಎಂಜಿನ್ನಿನ ಗಂಟಲೇ ಅದು: ನಾಲ್ಕು ಸಿಲಿಂಡರಿಗೆ ಎರಡೇ ಇನ್‌ಲೆಟ್ ಪೋರ್ಟ್, ಮೂರೇ ಎಕ್ಸಾಸ್ಟ್ ಪೋರ್ಟ್. ಅಲ್ಲಿ ಉಸಿರು ಸರಾಗವಾಗದೆ ಬೇರೆಲ್ಲಿ ಸುರಿದರೂ ವ್ಯರ್ಥ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲವಾದ್ದರಿಂದ ಗಟ್ಟಿ ವಾಲ್ವ್ ಸೀಟುಗಳನ್ನು ಹೇಗೂ ಹಾಕಿಸಬೇಕಿತ್ತು. ಕ್ಯಾಮ್ ಸೌಮ್ಯವಾದದ್ದು, ಕಾರ್ಬ್ಯುರೇಟರ್ ಮೂಲದ ಜೋಡಿ ಎಸ್‌ಯು, ಡಿಸ್ಟ್ರಿಬ್ಯೂಟರ್ ಮಾತ್ರ ಎಲೆಕ್ಟ್ರಾನಿಕ್. ಹೆಡರ್ ಇಲ್ಲಿಯೇ ಸ್ಟೀಲಿನಲ್ಲಿ ಮಾಡಿಸಿದ್ದು, 28,000. ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಾಳುವಂಥವಕ್ಕೆ ಬದಲಿಸಿದೆ. ಆಯಿಲ್ 20ಡಬ್ಲ್ಯು-50, ಸತು ಇರುವಂಥದ್ದು. ಮೊದಲ ಸ್ಟಾರ್ಟ್‌ಗೆ ಶಿವಾಜಿನಗರದ ಭಾಯ್ ಬಂದಿದ್ದರು. ನಾನು ಗಡಿಯಾರ ಹಿಡಿದು ನಿಂತೆ, ಅವರು ಇಪ್ಪತ್ತು ನಿಮಿಷ ಆಕ್ಸಿಲರೇಟರ್‌ನಿಂದ ಕೈ ತೆಗೆಯಲಿಲ್ಲ. ಪೂಜೆಯನ್ನು ಹಿಂದಿನ ದಿನವೇ ಮುಗಿಸಿದ್ದೆ.

ಡೈನೋದಲ್ಲಿ 82. ಅಂದರೆ ಮೂಲಕ್ಕಿಂತ 18 ಹೆಚ್ಚು, 1950ಕ್ಕಿಂತ 13 ಕಡಿಮೆ. ಆ 13 ಕುದುರೆಗಳಿಗೆ ನಾನು ತೆತ್ತ ಹೆಚ್ಚುವರಿ ಹಣ 4.44 ಲಕ್ಷ, ಎಂದರೆ ತಲೆಗೆ 34,000 ರೂಪಾಯಿಗೂ ಮೇಲೆ. ಕ್ಯಾಮ್‌ನ ದಂಡ ಸೇರಿಸಿದರೆ 44,500. ಬೇರೆಯವರು ಆ ದಂಡವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ, ನನ್ನ ಲೆಕ್ಕದಿಂದ ಅದು ಹೋಗುವುದಿಲ್ಲ. ಹೊಸ ಎಂಜಿನ್ 800 ಆರ್‌ಪಿಎಂನಲ್ಲಿ ಅಲುಗದೆ ನಿಲ್ಲುತ್ತದೆ, ಹೆಬ್ಬಾಳ ಮೇಲ್ಸೇತುವೆಯನ್ನು ಮೂರನೆಯ ಗೇರಿನಲ್ಲಿಯೇ ಗೊಣಗದೆ ಏರುತ್ತದೆ. 5,500ರ ಮೇಲೆ ಅದರಲ್ಲಿ ಏನೂ ಉಳಿದಿರುವುದಿಲ್ಲ, ಆದರೆ ವರ್ಷಕ್ಕೆ ನಾಲ್ಕೈದು ಮುಂಜಾನೆ ಬಿಟ್ಟರೆ ನಾನು ಆ ಕಡೆಗೆ ಹೋಗುವುದೇ ಇಲ್ಲ.

ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರು, ಎಂಜಿನ್ ಈಗಾಗಲೇ ಗಟ್ಟಿಯಾಗಿರುವವರು ಸೂಪರ್‌ಚಾರ್ಜರ್ ಕಡೆ ನೋಡಿದರೆ ನಾನು ತಡೆಯುವುದಿಲ್ಲ. ಅದನ್ನು ಬಿಚ್ಚಿ ಮೂಲರೂಪಕ್ಕೆ ಮರಳಬಹುದು. 1950ನ್ನು ಟ್ರ್ಯಾಕಿಗೆ ಹೋಗುವವರಿಗೆ ಬಿಟ್ಟಿದ್ದೇನೆ. ನನ್ನದು ಈಗ ಮನೆಯ ಶೆಡ್ಡಿನಲ್ಲಿ, ಅದೇ ಗೋಣಿಚೀಲದಡಿ ಇದೆ. ನೋಡಲು ಬಂದ ಇಬ್ಬರೂ ಮೊದಲು ಕೇಳಿದ್ದು ಕ್ಯಾಮ್ ಯಾವುದು, ಯಾರು ರನ್-ಇನ್ ಮಾಡಿದರು (ಮೊದಲ ಸಲ ಓಡಿಸಿ ಹದಗೊಳಿಸಿದರು) ಎಂದೇ.