ಹೆಸರು ಕೆಟ್ಟ ಇಂಜಿನ್ನಿನ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು: ಮೂರೂವರೆ ವರ್ಷ, 60 ಸಾವಿರ ಕಿ.ಮೀ.

ಈ ಕಾರಿನ ಇಂಜಿನ್ ಬಗ್ಗೆ ಜನ ಏನೇನು ಹೇಳುತ್ತಾರೆ ಅಂತ ಗೊತ್ತಿದ್ದೇ ನಾನು ಇದನ್ನು ಕೊಂಡೆ. ತುಮಕೂರಿನಲ್ಲಿ ನಾಲ್ಕು ಜನರನ್ನು ವಿಚಾರಿಸಿದ್ದೆ. ಮೂವರು "ಟರ್ಬೊ ಹೋಗುತ್ತೆ, ಇಂಜೆಕ್ಟರ್ ಲೀಕ್ ಆಗುತ್ತೆ, ಬೇಡ ಮೇಡಂ" ಅಂದರು. ಟರ್ಬೊ ಅಂದರೆ ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ, ಇಂಜೆಕ್ಟರ್ ಅಂದರೆ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ. ಆದರೂ ಕೊಂಡಿದ್ದಕ್ಕೆ ಕಾರಣ ದುಡ್ಡು. 2014ರ ಮಾಡೆಲ್, 78 ಸಾವಿರ ಓಡಿತ್ತು. 2022ರ ಜೂನ್‌ನಲ್ಲಿ 2 ಲಕ್ಷ 60 ಸಾವಿರಕ್ಕೆ ಸಿಕ್ಕಿತು. ಒಳ್ಳೆ ಹೆಸರಿರುವ ಇಂಜಿನ್ನಿನ ಕಾರುಗಳಿಗೆ ನಾಲ್ಕು ಲಕ್ಷದ ಕೆಳಗೆ ಯಾರೂ ಮಾತಿಗೇ ಬರುತ್ತಿರಲಿಲ್ಲ. ರಿಪೇರಿಯೂ ಸೇರಿ ನನ್ನ ಹತ್ತಿರ ಇದ್ದಿದ್ದು ಮೂರು ಲಕ್ಷ.

ನಾನು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಮನೆ ತುಮಕೂರಿನಲ್ಲಿ. ಹೋಗಿ ಬರಲು ದಿನಕ್ಕೆ 66 ಕಿ.ಮೀ. 2023ರಲ್ಲಿ ಶಕ್ತಿ ಯೋಜನೆ ಬಂದಾಗ "ಬಸ್ಸು ಫ್ರೀ ಅಲ್ವಾ, ಇನ್ನು ಕಾರು ಯಾಕೆ?" ಅಂತ ಎಲ್ಲರೂ ಕೇಳಿದರು. ಕೊರಟಗೆರೆವರೆಗೆ ಸರಿ. ಅಲ್ಲಿಂದ ಒಳಗೆ ಆರು ಕಿ.ಮೀ.ಗೆ ಬೆಳಿಗ್ಗೆ ಇರುವುದು ಒಂದೇ ಖಾಸಗಿ ಬಸ್ಸು. ಅದು ತಪ್ಪಿದರೆ ನಡೆಯಬೇಕು.

ಕಾರು ನೋಡಲು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಪೇಂಟ್ ನೋಡಲಿಲ್ಲ, ಸೀಟು ನೋಡಲಿಲ್ಲ. ಬಾನೆಟ್ ಎತ್ತಿಸಿ, ಇಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿದರು. ಮೂರನೇ ಇಂಜೆಕ್ಟರ್ ಬುಡದಲ್ಲಿ ಕಪ್ಪಗೆ, ಟಾರು ಮೆತ್ತಿದ ಹಾಗೆ ಏನೋ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು ನನ್ನ ಅಂಗೈಗೆ ಒಂದು ಚೂರು ಹಾಕಿದರು. "ಇದೇ ನೋಡಮ್ಮ ಕಾಯಿಲೆ. ಮೊದಲು ಇದನ್ನ ಸರಿ ಮಾಡಿಸ್ತೀಯಾ ಅಂದ್ರೆ ತಗೋ. ಇಲ್ಲಾಂದ್ರೆ ಬೇಡ." ಆ ಚೂರನ್ನೇ ತೋರಿಸಿ 30 ಸಾವಿರ ಇಳಿಸಿದೆವು.

ಕಾಯಿಲೆ ಏನು ಅಂದರೆ, ಇಂಜೆಕ್ಟರ್ ಕೂರುವ ಗುಂಡಿಯ ತಳದಲ್ಲಿ ಒಂದು ಸಣ್ಣ ತಾಮ್ರದ ವಾಷರ್ ಇರುತ್ತದೆ. ಅದು ಸರಿಯಾಗಿ ಬಿಗಿಯಾಗದಿದ್ದರೆ ಒಳಗೆ ಉರಿದ ಗ್ಯಾಸು ಸಂದಿಯಲ್ಲಿ ಮೇಲೆ ನುಗ್ಗುತ್ತದೆ. ಅದರ ಮಸಿಯೇ ಆ ಟಾರು. ಮಸಿ ಆಯಿಲ್‌ಗೂ ಸೇರಿ, ಆಯಿಲ್ ಮಂದವಾಗಿ, ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಒಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ. ಟರ್ಬೊಗೆ ಆಯಿಲ್ ಹೋಗುವ ಪೈಪು ಮೊದಲೇ ಸಣ್ಣದು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ವಸ್ತು, ಆಯಿಲ್ ಸಿಗದಿದ್ದರೆ ಎಷ್ಟು ದಿನ ತಡೆದೀತು? ಜನ ಟರ್ಬೊ ಹೋಯಿತು ಅಂತ ಟರ್ಬೊ ಬದಲಿಸುತ್ತಾರೆ. ವಾಷರ್, ಜಾಲರಿ, ಪೈಪು ಹಾಗೇ ಬಿಟ್ಟರೆ ಹೊಸ ಟರ್ಬೊನೂ ಅದೇ ದಾರಿ ಹಿಡಿಯುತ್ತದೆ.

ಕೊಂಡ ತಿಂಗಳಲ್ಲೇ ನಾಲ್ಕೂ ವಾಷರ್ ಹಾಕಿಸಿದೆ. ಚೇಂಬರ್ ಇಳಿಸಿ ಜಾಲರಿ ತೊಳೆಸಿದೆ, ಟರ್ಬೊ ಆಯಿಲ್ ಪೈಪು ಹೊಸದು. ಕ್ಲಚ್ಚೂ ಸೇರಿ 34 ಸಾವಿರ. ಆರ್‌ಸಿ ವರ್ಗಾವಣೆ, ಇನ್ಶೂರೆನ್ಸ್ ಎಲ್ಲಾ ತೊಂದರೆ ಇಲ್ಲದೆ ಆಯಿತು. ಹಳೇ ಮಾಲೀಕರ ಬ್ಯಾಂಕ್ ಸಾಲ ಆರ್‌ಸಿಯಿಂದ ತೆಗೆಸಿದ್ದಾರಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಆಮೇಲೆ ಅಪ್ಪ ಎರಡು ಅಭ್ಯಾಸ ಹಚ್ಚಿಸಿದರು. ಒಂದು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಗೇಜ್ ಕಡ್ಡಿ ಎಳೆದು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು. ಮಟ್ಟ ನೋಡಿದರೆ ಸಾಲದು. ಬೆರಳಲ್ಲಿ ಉಜ್ಜಬೇಕು, ಮಂದವಾಗಿದೆಯಾ, ತರಿತರಿ ಇದೆಯಾ ಅಂತ. ಪುಸ್ತಕದಲ್ಲಿ ಏನೇ ಬರೆದಿರಲಿ, ನಾನು 7,500 ಕಿ.ಮೀ.ಗೆ ಆಯಿಲ್ ಬದಲಿಸುತ್ತೇನೆ.

ಇನ್ನೊಂದು, ಗಾಡಿ ನಿಂತ ಮೇಲೆ ತಕ್ಷಣ ಆಫ್ ಮಾಡದೆ ಒಂದು ನಿಮಿಷ ಸುಮ್ನೆ ಓಡಲು ಬಿಡುವುದು. ಟರ್ಬೊ ನಿಧಾನವಾಗಿ ತಣ್ಣಗಾಗಲಿ ಅಂತ. ಈ ಒಂದು ನಿಮಿಷ ನನ್ನ ಶಾಲೆಯ ಬೆಳಗನ್ನೇ ಬದಲಿಸಿತು. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಕೂತಿರುತ್ತಿದ್ದೆ. "ಮಿಸ್, ಯಾಕೆ ಇಳಿಯಲ್ಲ?" ಅಂತ ಮಕ್ಕಳು ಕೇಳಿದರು. ಅರವತ್ತು ಎಣಿಸಿದ ಮೇಲೆ ಇಳಿಯುತ್ತೇನೆ ಅಂದೆ. ಮಾರನೇ ದಿನದಿಂದ ಒಂದನೇ ಕ್ಲಾಸಿನವರು ಎಣಿಸಲು ಶುರು ಮಾಡಿದರು. ಹೊಗೆ ಕಡೆ ಬರಬಾರದು, ಜಗುಲಿ ಮೇಲೇ ನಿಂತು ಎಣಿಸಬೇಕು ಅಂತ ಹೇಳಿದ್ದೇನೆ. ಮೂವತ್ತೊಂಬತ್ತು ಆದ ಮೇಲೆ ಒಬ್ಬ ಹುಡುಗ "ಮೂವತ್ತಹತ್ತು" ಅನ್ನುತ್ತಿದ್ದ. ಉಳಿದವರು ಮತ್ತೆ ಮೂವತ್ತರಿಂದ ಎಣಿಸುತ್ತಿದ್ದರು. ಅಷ್ಟು ಹೊತ್ತೂ ನಾನು ಕೀಲಿ ಮುಟ್ಟುತ್ತಿರಲಿಲ್ಲ. ಈಗ ಅವನು ನಾಲ್ಕನೇ ಕ್ಲಾಸು, ಚಿಕ್ಕವರಿಗೆ ಅವನೇ ಎಣಿಸಿ ತೋರಿಸುತ್ತಾನೆ. ನಾನು ಕೊಟ್ಟ ದುಡ್ಡಿಗೆ ಇಷ್ಟೊಂದು ಸಂತೋಷ ಸಿಗುತ್ತದೆ ಅಂತ ನಿಜವಾಗಿಯೂ ಅಂದುಕೊಂಡಿರಲಿಲ್ಲ.

ಎರಡೂವರೆ ವರ್ಷ ಏನೂ ತೊಂದರೆ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅಪ್ಪನನ್ನು ನೋಡಲು ಮಧುಗಿರಿಗೆ ಹೊರಟಿದ್ದೆ. ಕೊರಟಗೆರೆ ದಾಟಿದ ಮೇಲೆ ಬಾನೆಟ್ ಒಳಗಿಂದ 'ಚಸ್ ಚಸ್' ಅಂತ ಶಬ್ದ. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ಎಸಿ ಗಾಳಿಯಲ್ಲಿ ಡೀಸೆಲ್ ಸುಟ್ಟ ವಾಸನೆ. ಮುಚ್ಚಳ ತೆಗೆದರೆ ಅದೇ ಮೂರನೇ ಇಂಜೆಕ್ಟರ್, ಅದೇ ಟಾರು.

ಮೊದಲು ಕೆಲಸ ಮಾಡಿದ ಗ್ಯಾರೇಜಿಗೆ ಹೋದರೆ "ಗಾಡಿನೇ ಹಾಗೆ ಮೇಡಂ" ಅಂದರು. ನನಗೆ ತುಂಬಾ ಸಿಟ್ಟು ಬಂತು, ಈಗಲೂ ಇದೆ. ಶಿರಾ ಗೇಟ್ ಕಡೆ ಬೇರೆಯವರ ಹತ್ತಿರ ಬಿಚ್ಚಿಸಿದೆ. ಇಂಜೆಕ್ಟರ್ ಒಳಗೇ ಕಚ್ಚಿಕೊಂಡಿತ್ತು, ಈಚೆ ಬರಲು ಎರಡು ದಿನ ಹಿಡಿಯಿತು. ಅವರು ಟಾರ್ಚ್ ಬಿಟ್ಟು ಗುಂಡಿಯ ತಳ ತೋರಿಸಿದರು. ಹಳೇ ಮಸಿ ಅಲ್ಲೇ ಇತ್ತು. ಮೊದಲಿನವರು ಅದನ್ನು ಕೆರೆದು ಸಮ ಮಾಡದೆ, ಮಸಿ ಮೇಲೆಯೇ ಹೊಸ ವಾಷರ್ ಕೂರಿಸಿ ಬಿಗಿದಿದ್ದರು. "ಹೊಲಸು ತಟ್ಟೆ ಮೇಲೆ ಹೊಸ ಎಲೆ ಹಾಕಿದಂಗೆ ಅಕ್ಕ" ಅಂದರು. ಕಟರ್ ಹಾಕಿ ಸೀಟು, ಅಂದರೆ ವಾಷರ್ ಕೂರುವ ಆ ತಳ, ಸಮ ಮಾಡಿ, ಹೊಸ ವಾಷರ್, ಹೊಸ ಬೋಲ್ಟು, ಮತ್ತೆ ಚೇಂಬರ್ ಇಳಿಸಿ ಜಾಲರಿ ಸ್ವಚ್ಛ ಮಾಡಿ 19,500 ಆಯಿತು. ಮೊದಲ ಸಲವೇ ಹೀಗೆ ಮಾಡಿದ್ದರೆ ಈ ದುಡ್ಡು ಉಳಿಯುತ್ತಿತ್ತು. ಇಂಜಿನ್ನಿನಲ್ಲಿ ದೋಷ ಇದೆ, ಇಲ್ಲ ಅನ್ನಲ್ಲ. ಆದರೆ ಅದಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧ ಇಂಥ ಅರೆಬರೆ ಕೆಲಸದ್ದು ಅಂತಲೇ ನಾನು ಹೇಳುವುದು.

ಲೆಕ್ಕ ಹೇಳಿಬಿಡುತ್ತೇನೆ. ಲೀಟರಿಗೆ 20 ಕಿ.ಮೀ. ಕೊಡುತ್ತಿದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಡೀಸೆಲ್ 91 ದಾಟಿತು. ಆಗಿನ ದರದಲ್ಲಿ ಕಿ.ಮೀ.ಗೆ ಹೆಚ್ಚು ಕಡಿಮೆ ನಾಲ್ಕೂವರೆ ರೂಪಾಯಿ. 14 ಕೊಡುವ ಪೆಟ್ರೋಲ್ ಕಾರಿಗೆ ಏಳರ ಮೇಲಾಗುತ್ತಿತ್ತು. ನನ್ನ ಓಡಾಟಕ್ಕೆ ಎರಡೂ ರಿಪೇರಿ ಖರ್ಚು ಕಳೆದರೂ ಡೀಸೆಲ್‌ನಲ್ಲೇ ಉಳಿತಾಯ.

ಬಟವಾಡಿಯಿಂದ ಅಶೋಕ ರಸ್ತೆಗೆ, ಅಲ್ಲಿಂದ ವಾಪಸ್ ಮನೆಗೆ, ಅಷ್ಟೇ ನಿಮ್ಮ ಓಡಾಟ ಅಂದರೆ ಇಂಥ ಕಾರು ಬೇಡವೇ ಬೇಡ. ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಮಸಿ ಕೂರುತ್ತಲೇ ಇರುತ್ತದೆ. ದಿನಾ 50 ಕಿ.ಮೀ. ಮೇಲೆ ಓಡಿಸುವವರು ನೋಡಬಹುದು. ಅಡ್ವಾನ್ಸ್ ಕೊಡುವ ಮುಂಚೆ ಆ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ. ತೆಗೆಯಲು ಒಪ್ಪದವರ ಹತ್ತಿರ ವ್ಯವಹಾರ ಬೇಡ. ಕಪ್ಪು ಕಂಡರೆ ರಿಪೇರಿಗೆ ಅಂತ 40 ಸಾವಿರ ಪಕ್ಕಕ್ಕಿಡಿ. ಇಂಜೆಕ್ಟರ್ ಸೀಟಿಗೆ ಕಟರ್ ಹಾಕುತ್ತೀರಾ ಅಂತ ಮೆಕ್ಯಾನಿಕ್ಕನ್ನು ಕೇಳಿ, ಹಾಕುವಾಗ ಎದುರಿಗೇ ನಿಂತಿರಿ.

ಈಗ ಮೀಟರ್ 1 ಲಕ್ಷ 38 ಸಾವಿರ ತೋರಿಸುತ್ತಿದೆ. ಟರ್ಬೊ ಮೊದಲಿನದೇ. 2029ಕ್ಕೆ ಆರ್‌ಸಿಯ ಹದಿನೈದು ವರ್ಷ ಮುಗಿಯುತ್ತದೆ, ಅಲ್ಲಿಯವರೆಗೆ ಮಾರಲ್ಲ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಆಯಿಲ್ ಬದಲಿಸಬೇಕು. ಹಳೇ ಆಯಿಲ್ ಹೇಗೆ ಇಳಿಯುತ್ತೆ ನೋಡಬೇಕು ಅಂತ ಅಪ್ಪ ಮಧುಗಿರಿಯಿಂದ ಬರುತ್ತಿದ್ದಾರೆ.