ಕೊಲೆಸ್ಟ್ರಾಲ್ ನಿಯಂತ್ರಣ ಪೆಟ್ಟಿಗೆ: ಪುಡಿ ಸರಿ, ಕ್ಯಾಪ್ಸೂಲ್ ಬೇಡ

'ಸಂಪೂರ್ಣ ನೈಸರ್ಗಿಕ' ಎಂಬ ಹಣೆಪಟ್ಟಿ ಹೊತ್ತು ಬರುವ ಈ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಇಸಬ್‌ಗೋಲ್ ಹೊಟ್ಟಿನ ಪುಡಿ, ಒಂದು ಸೀಸೆ ಗಿಡಮೂಲಿಕೆ ಕ್ಯಾಪ್ಸೂಲ್ ಮತ್ತು ಪಥ್ಯದ ಕಿರುಪುಸ್ತಕ ಇವೆ. ತಯಾರಕರು ಹಾಡಿ ಹೊಗಳುವುದು ಕ್ಯಾಪ್ಸೂಲನ್ನು; ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವುದು ಮಾತ್ರ ಆ ಸಪ್ಪೆ ಪುಡಿ.

ಪುಡಿಯನ್ನು ನೀರಿಗೆ ಹಾಕಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಅದು ಉಬ್ಬಿ ಲೋಳೆಯಾಗುತ್ತದೆ, ತಡಮಾಡಿದರೆ ಕುಡಿಯುವುದೇ ಕಷ್ಟ. ಆದರೆ ಗುಣವಿರುವುದೇ ಆ ಲೋಳೆಯಲ್ಲಿ. ಕರುಳಿನಲ್ಲಿ ಅದು ಕೊಬ್ಬನ್ನು ಜೀರ್ಣಿಸಲು ನೆರವಾಗುವ ಪಿತ್ತಾಮ್ಲಗಳನ್ನು ಹಿಡಿದು ಮಲದೊಂದಿಗೆ ಹೊರಹಾಕುವುದರಿಂದ, ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು, ಅಂದರೆ 'ಕೆಟ್ಟ' ಕೊಲೆಸ್ಟ್ರಾಲನ್ನು, ಎಳೆದುಕೊಳ್ಳಬೇಕಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಇಸಬ್‌ಗೋಲ್‌ಗೆ ಹೃದಯಾರೋಗ್ಯದ ಹೇಳಿಕೆಯನ್ನು ಬಳಸಲು ಒಪ್ಪಿದಾಗ ಸೂಚಿಸಿದ ಪ್ರಮಾಣ ದಿನಕ್ಕೆ ಕನಿಷ್ಠ 7 ಗ್ರಾಂ ಕರಗುವ ನಾರು. ಈ ಡಬ್ಬಿಯ ಪ್ರಕಾರ ಒಂದು ಚಮಚ ಪುಡಿಯಲ್ಲಿರುವುದು 3 ಗ್ರಾಂ, ಸೇವಿಸಬೇಕಾದದ್ದು ದಿನಕ್ಕೆ ಒಂದೇ ಚಮಚ! ಡಬ್ಬಿ ಒಂದು ತಿಂಗಳು ಬರುತ್ತದೆ ಎಂದು ತೋರಿಸಲು ಪ್ರಮಾಣವನ್ನೇ ಕತ್ತರಿಸಿದ್ದಾರೆ ಎಂಬ ಅನುಮಾನ ನನ್ನದು. ಒಂದು ಲೋಟ ತುಂಬ ನೀರಿನೊಡನೆ ಕುಡಿಯದಿದ್ದರೆ ಪುಡಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದೆಂಬ ಎಚ್ಚರಿಕೆ ಇದೆ. ಬೇರೆ ಔಷಧಿಗಳಿಗೂ ಇದಕ್ಕೂ ನಡುವೆ ಎರಡು ಗಂಟೆಯ ಅಂತರವಿರಲಿ ಎಂಬ ಮಾತು ಎಲ್ಲಿಯೂ ಇಲ್ಲ.

ಕ್ಯಾಪ್ಸೂಲಿನಲ್ಲಿರುವುದು ಬೆಳ್ಳುಳ್ಳಿ, ಗುಗ್ಗುಳ ಮತ್ತು ಕೆಂಪು ಯೀಸ್ಟ್ ಅಕ್ಕಿಯ (ಶಿಲೀಂಧ್ರದಿಂದ ಹುದುಗಿಸಿದ ಅಕ್ಕಿ) ಸಾರ. ಸ್ಟ್ಯಾನ್‌ಫರ್ಡ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಆರು ತಿಂಗಳ ಪ್ರಯೋಗದಲ್ಲಿ ಹಸಿ ಬೆಳ್ಳುಳ್ಳಿಯಾಗಲಿ ಅದರ ಮಾತ್ರೆಯಾಗಲಿ ಎಲ್‌ಡಿಎಲ್ ಇಳಿಸಲಿಲ್ಲ. 2003ರ ಪ್ರಯೋಗವೊಂದರಲ್ಲಿ ಗುಗ್ಗುಳದ ಸಾರ ಸೇವಿಸಿದವರ ಎಲ್‌ಡಿಎಲ್ ತುಸು ಏರಿತ್ತು. ಮೂರನೆಯದು ಕೆಲಸ ಮಾಡುವುದುಂಟು, ಏಕೆಂದರೆ ಅದರಲ್ಲಿರುವ ಮೊನಾಕೊಲಿನ್ ಕೆ ರಾಸಾಯನಿಕವಾಗಿ ಲೋವಾಸ್ಟ್ಯಾಟಿನ್ ಎಂಬ ಔಷಧಿಯೇ ಆಗಿದೆ; ಅದು ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಕೊಡುವ ಸ್ಟ್ಯಾಟಿನ್ ಗುಂಪಿಗೆ ಸೇರಿದ್ದು. ಅಂದಮೇಲೆ ಸ್ನಾಯುನೋವು, ಯಕೃತ್ತಿನ ತೊಂದರೆಗಳಂಥ ಅಡ್ಡಪರಿಣಾಮಗಳ ಸಾಧ್ಯತೆಯೂ ಅದರೊಡನೆಯೇ ಬರುತ್ತದೆ. ಅದರ ಪ್ರಮಾಣ ಎಷ್ಟೆಂದು ಸೀಸೆಯ ಮೇಲೆ ನಮೂದಿಸಿಲ್ಲ. ಈಗಾಗಲೇ ಸ್ಟ್ಯಾಟಿನ್ ಸೇವಿಸುತ್ತಿರುವವರು ತಿಳಿಯದೆ ಇದನ್ನೂ ನುಂಗಿದರೆ ಒಂದೇ ಬಗೆಯ ಔಷಧಿಯನ್ನು ಎರಡು ಪಾಲು ಸೇವಿಸಿದಂತಾಗುತ್ತದೆ. ಗರ್ಭಿಣಿಯರಂತೂ ಇದರ ತಂಟೆಗೆ ಹೋಗಲೇಬಾರದು.

ಕಿರುಪುಸ್ತಕ ಪರವಾಗಿಲ್ಲ. ಬೆಣ್ಣೆ ಮತ್ತು ಕೊಬ್ಬಿದ ಮಾಂಸವನ್ನು ಕಡಿಮೆ ಮಾಡಿ, ಆ ಜಾಗಕ್ಕೆ ಬೀಜಗಳು, ದ್ವಿದಳ ಧಾನ್ಯಗಳು ಮತ್ತು ಅಪರ್ಯಾಪ್ತ ಕೊಬ್ಬಿನ ಎಣ್ಣೆಗಳನ್ನು ತರಬೇಕೆಂದು ಸರಿಯಾಗಿಯೇ ಹೇಳುತ್ತದೆ. ನಡಿಗೆ, ತೂಕ, ಧೂಮಪಾನಗಳ ಬಗ್ಗೆ ಒಂದೊಂದು ಪುಟವಿದೆ. ಕೊನೆಯ ಪುಟದಲ್ಲಿ ಮಾತ್ರ 'ವೈದ್ಯರ ಮಾತ್ರೆಗಳಿಂದ ಬಿಡುಗಡೆ' ಎಂಬ ಅಕ್ಷಮ್ಯ ಭರವಸೆ ಇದೆ. ಇಸಬ್‌ಗೋಲ್ ಎಲ್‌ಡಿಎಲ್ ಅನ್ನು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಇಳಿಸಬಲ್ಲದು, ಸ್ಟ್ಯಾಟಿನ್‌ಗಳು ಶೇ. 30ರಿಂದ 50ರಷ್ಟು. ಆನುವಂಶಿಕವಾಗಿಯೇ ಎಲ್‌ಡಿಎಲ್ 190 ಮಿ.ಗ್ರಾಂ/ಡೆ.ಲೀ. ದಾಟಿರುವವರಿಗೆ ಈ ಪುಸ್ತಕವನ್ನು ನಂಬಿ ಔಷಧಿ ಬಿಡುವುದು ಅಪಾಯ.

ಪೆಟ್ಟಿಗೆಗಿಂತ ಬಿಡಿ ಇಸಬ್‌ಗೋಲ್ ಕೊಳ್ಳುವುದೇ ಲೇಸು, ಅದೂ ಸಕ್ಕರೆ ಬೆರೆಸದ್ದು. ಇದರ ಡಬ್ಬಿಯ ಮುಚ್ಚಳವೂ ಬಿಗಿಯಾಗಿ ಕೂರುವುದಿಲ್ಲ, ತೇವ ತಾಗಿ ಪುಡಿ ಗಂಟುಕಟ್ಟುತ್ತದೆ.